ದಿಗ್ವ್ರತವೂ ಒಂದು ದಿನದ ಚಾರಣವೂ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ವ್ರತಗಳನ್ನು ನಿರೂಪಿಸಿ, ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದ್ದಾರೆ. ದಿಗ್ವ್ರತದ ಅತಿಚಾರಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ, ಎಂದರೆ ಗೊತ್ತುಮಾಡಿಕೊಂಡ ಎತ್ತರವನ್ನು ಮೀರಿ ಮೇಲಕ್ಕೆ ಹೋಗುವುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಟ್ಟಿರುವ ಉದಾಹರಣೆ ಪರ್ವತಾರೋಹಣ. ಬಾವಿಗೆ ಇಳಿಯುವುದು ಕೆಳಗಣ ಮೇರೆಯನ್ನು ದಾಟುವುದಕ್ಕೂ, ಗುಹೆಯನ್ನು ಹೊಗುವುದು ಅಡ್ಡಲಾದ ಮೇರೆಯನ್ನು ದಾಟುವುದಕ್ಕೂ ದೃಷ್ಟಾಂತಗಳಾಗಿವೆ. ನಾಲ್ಕನೆಯದು ಕ್ಷೇತ್ರವೃದ್ಧಿ, ಲೋಭದಿಂದ ಮೇರೆಯನ್ನು ಹಿಗ್ಗಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಮೇರೆ ಎಲ್ಲಿತ್ತೆಂಬುದನ್ನೇ ಮರೆಯುವುದು.

ವ್ಯಾಪಾರಕ್ಕಾಗಿ ಊರೂರು ತಿರುಗುವ ಗೃಹಸ್ಥನಿಗೆ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರಗಳ ಮೇರೆಯೇ ಮುಖ್ಯವಾಗಿ ತೋರುವುದು ಸಹಜ. ತೀರ್ಥವಂದನೆಗಲ್ಲದೆ ಬೆಟ್ಟ ಹತ್ತುವ ಪ್ರಸಂಗ ಅವನಿಗೆ ವಿರಳವಾಗಿ ಬರುತ್ತಿತ್ತು. ಆದುದರಿಂದ ಊರ್ಧ್ವದಿಕ್ಕಿನ ಮಾತು ಸ್ವಾಧ್ಯಾಯದಲ್ಲಿ ಓದಿ ಮುಂದೆ ಸಾಗುವ ಮಾತಾಗಿ ಉಳಿಯಿತು. ಈಗ ಅದು ಮತ್ತೆ ಜೀವಂತವಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಕಚೇರಿಗಳಲ್ಲೂ ಕಾರ್ಖಾನೆಗಳಲ್ಲೂ ವಾರವಿಡೀ ದುಡಿಯುವ ತರುಣ ತರುಣಿಯರು ಶನಿವಾರ ಬಂದಿತೆಂದರೆ ಬೆಟ್ಟಗಳತ್ತ ಹೊರಡುತ್ತಾರೆ. ಕೋಲಾರದ ಅಂತರಗಂಗೆ, ಅಮೃತ ಸರೋವರವಿರುವ ನಂದಿಬೆಟ್ಟ, ಮಾಗಡಿಯ ಸಮೀಪದ ಸಾವನದುರ್ಗ, ಹೊಯ್ಸಳರ ರಾಣಿ ಶಾಂತಲೆಯು 1131ರಲ್ಲಿ ದೇಹವಿಟ್ಟ ಶಿವಗಂಗೆ, ಇವು ಹತ್ತಿರದವು. ರಾತ್ರಿಯೆಲ್ಲ ಟೆಂಪೋ ಟ್ರಾವೆಲರಿನಲ್ಲಿ ಪ್ರಯಾಣ ಮಾಡಿ ಕುಮಾರಪರ್ವತವನ್ನೋ ಕುದುರೆಮುಖವನ್ನೋ ಹತ್ತಿ, ಮರುರಾತ್ರಿಯೇ ಹಿಂದಿರುಗುವವರೂ ಉಂಟು. ರಜೆ ದೊರೆತರೆ ಹಿಮಾಲಯದ ಸರೋವರಗಳಿಗೂ ಕಣಿವೆಮಾರ್ಗಗಳಿಗೂ ಹೋಗುತ್ತಾರೆ. ಇವರಲ್ಲಿ ಜೈನ ಮನೆಗಳ ಮಕ್ಕಳೂ ಇದ್ದಾರೆ.

ಇಂಥ ಪಯಣವು ಶ್ರಾವಕನಿಗೆ ಯೋಗ್ಯವೇ? ಯೋಗ್ಯವಾದರೆ ಅದನ್ನು ಯಾವ ರೀತಿ ಯೋಜಿಸಬೇಕು? ಹಿರಿಯರು ಬೇಡವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದರಿಂದಾಗಲಿ, ಕಿರಿಯರು ಕಾಲ ಬದಲಾಯಿತೆಂದು ನಕ್ಕುಬಿಡುವುದರಿಂದಾಗಲಿ ಈ ಪ್ರಶ್ನೆಗಳು ತೀರುವುದಿಲ್ಲ.

ಬೇಡವೆನ್ನುವವರ ಪಕ್ಷದಲ್ಲಿ ಬಲವಾದ ಆಧಾರವೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಭೇದವಾಗಿ ಪ್ರಮಾದಚರ್ಯೆಯನ್ನು ಹೇಳುತ್ತಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಮುರಿಯುವುದು ಇವುಗಳ ಜೊತೆಯಲ್ಲೇ ವೃಥಾ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಅವರು ಸೇರಿಸಿದ್ದಾರೆ. ಬೆಟ್ಟದ ತುದಿಯಲ್ಲಿ ಒಲೆ ಹೂಡಿ, ಸರೋವರದಲ್ಲಿ ಈಜಾಡಿ, ದಾರಿಯ ಕೊಂಬೆ ಮುರಿದು ಕೋಲು ಮಾಡಿಕೊಂಡು ಬರುವ ಪಯಣಕ್ಕೆ ಇದಕ್ಕಿಂತ ಸಮೀಪವಾದ ವರ್ಣನೆ ಸಿಗಲಾರದು.

ಆದರೂ ಇಲ್ಲಿ ಮುಖ್ಯವಾದ ಶಬ್ದ ಪ್ರಯೋಜನವಿಲ್ಲದೆ ಎಂಬುದು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತು, ಉಳಿದ ಹೊತ್ತನ್ನು ವರ್ತುಲ ರಸ್ತೆಯ ವಾಹನಗಳ ನಡುವೆ ಕಳೆಯುವ ದೇಹಕ್ಕೆ ನಡಿಗೆ ಒಂದು ಔಷಧ. ದುಡಿಮೆಯ ಗಡಿಬಿಡಿಯಲ್ಲಿ ಮೌನವನ್ನೇ ಮರೆತ ಮನಸ್ಸಿಗೆ ಒಂದು ದಿನದ ಏಕಾಂತವೂ ಔಷಧವೇ. ಇವು ಪ್ರಯೋಜನಗಳಲ್ಲವೆಂದು ಹೇಳುವುದು ನ್ಯಾಯವಲ್ಲ. ಔಷಧಕ್ಕೆ ಪ್ರಮಾಣವಿರುವಂತೆ ಪ್ರಯೋಜನಕ್ಕೂ ಪ್ರಮಾಣವುಂಟು. ಇಷ್ಟು ದೂರ, ಇಷ್ಟು ಹೊತ್ತು, ಇಷ್ಟು ಸಾಮಗ್ರಿ ಎಂದು ನಿಶ್ಚಯಿಸಿದಾಗ ಪಯಣವು ಪ್ರಯೋಜನಕ್ಕೆ ಕಟ್ಟುಬಿದ್ದು ನಡೆಯುತ್ತದೆ. ನಿಶ್ಚಯವಿಲ್ಲದಿದ್ದರೆ ಅದೇ ಪಯಣ ಅನರ್ಥದಂಡವಾಗಿ ಪರಿಣಮಿಸುತ್ತದೆ. ಹಾಗಾಗಿ ಯೋಜನೆಯನ್ನು ಕೇವಲ ಅನುಕೂಲದ ವಿಷಯವೆಂದು ಎಣಿಸಲಾಗದು. ಪಯಣದ ಪುಣ್ಯಪಾಪಗಳ ಬಹುಭಾಗ ಮನೆಯಲ್ಲಿ ಕುಳಿತು ಪಟ್ಟಿ ಬರೆಯುವಾಗಲೇ ನಿರ್ಣಯವಾಗಿಬಿಡುತ್ತದೆ.

ಒಂದು ಚಿಕ್ಕ ಉದಾಹರಣೆ ಸಾಕು. ಮಳೆಗಾಲದಲ್ಲಿ ಪಶ್ಚಿಮಘಟ್ಟಗಳಿಗೆ ಹೋಗುವವರ ಸಾಮಾನಿನ ಪಟ್ಟಿಯಲ್ಲಿ ಉಪ್ಪಿನ ಪೊಟ್ಟಣವೊಂದು ಇರುತ್ತದೆ. ಅದು ಊಟಕ್ಕಲ್ಲ; ಕಾಲಿಗೆ ಹತ್ತುವ ಜಿಗಣೆಗಳ ಮೇಲೆ ಸುರಿಯುವುದಕ್ಕೆ. ದಾರಿಯಲ್ಲಿ ಅರಿಯದೆ ಕಾಲಡಿ ಸಿಕ್ಕಿದ ಜೀವಿಯ ಮಾತು ಬೇರೆ. ಉಪ್ಪನ್ನು ಕಟ್ಟಿಕೊಂಡು ಹೊರಟವನು ಸಂಕಲ್ಪವನ್ನೂ ಕಟ್ಟಿಕೊಂಡೇ ಹೊರಟಿದ್ದಾನೆ. ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಬಿಡಲೇಬೇಕೆಂಬುದು ಅಹಿಂಸಾಣುವ್ರತದ ಮೊದಲ ಮೆಟ್ಟಿಲು. ಸಾಧುಗಳು ವರ್ಷಾಯೋಗದ ನಾಲ್ಕು ತಿಂಗಳು ಒಂದೆಡೆ ನಿಲ್ಲುವುದೇಕೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಪಾಠ ಬೇಕಿಲ್ಲ. ಬೆಟ್ಟಗಳು ಅತ್ಯಂತ ಹಸುರಾಗಿ ಮನಸ್ಸನ್ನು ಸೆಳೆಯುವ ಕಾಲವೇ ಹೆಜ್ಜೆಯಿಟ್ಟಲ್ಲೆಲ್ಲ ಜೀವವಿರುವ ಕಾಲವೂ ಆಗಿದೆ.

ಜೈನ ಪರಂಪರೆಗೆ ಬೆಟ್ಟ ಹತ್ತುವುದು ಹೊಸದಲ್ಲ. ಅದರ ತೀರ್ಥಗಳಲ್ಲಿ ಹಲವು ಬೆಟ್ಟದ ಮೇಲೆಯೇ ಇವೆ. ಶ್ರವಣಬೆಳಗೊಳದ ಹೆಸರಿನಲ್ಲೇ ಎರಡು ಬೆಟ್ಟಗಳ ನಡುವಣ ಬಿಳಿಯ ಕೊಳ ಸೇರಿಕೊಂಡಿದೆ. 58 ಅಡಿಯ ಗೊಮ್ಮಟೇಶ್ವರನ ದರ್ಶನಕ್ಕೆ ಇಂದಿಗೂ ಬರಿಗಾಲಿನಲ್ಲೇ ಬಂಡೆಯ ಮೆಟ್ಟಿಲುಗಳನ್ನು ಏರಬೇಕು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರದಲ್ಲಿ ಒಂದು ವಂದನೆ ಮುಗಿಯಲು ಸುಮಾರು 27 ಕಿಲೋಮೀಟರು ನಡೆಯಬೇಕು. ಗುಜರಾತಿನ ಶತ್ರುಂಜಯದಲ್ಲಿ ಬೆಟ್ಟದ ಮೇಲೆ ಯಾರೂ ರಾತ್ರಿ ತಂಗುವಂತಿಲ್ಲ, ಅರ್ಚಕರೂ ಸಂಜೆಗೆ ಕೆಳಗಿಳಿಯುತ್ತಾರೆ. ಮೇಲೆ ಆಹಾರ ಸೇವಿಸುವಂತಿಲ್ಲ. ಚಾತುರ್ಮಾಸದಲ್ಲಿ ಯಾತ್ರೆಯೇ ನಿಲ್ಲುತ್ತದೆ. ಹೊತ್ತಿಗೊಂದು ಮೇರೆ, ಆಹಾರಕ್ಕೊಂದು ಮೇರೆ, ಋತುವಿಗೊಂದು ಮೇರೆ ಎಂಬ ಈ ಮೂರನ್ನು ಒಟ್ಟಿಗಿಟ್ಟು ನೋಡಿದರೆ ಒಂದು ದಿನದ ಬೆಟ್ಟದ ಪಯಣಕ್ಕೆ ಬೇಕಾದ ಯೋಜನೆಯೆಲ್ಲ ಅದರಲ್ಲಿದೆ.

ಇಂದಿನ ಚಾರಣದ ರೂಢಿ ಮೂರನ್ನೂ ತಲೆಕೆಳಗು ಮಾಡಿದೆ. ಸೂರ್ಯೋದಯವನ್ನು ತುದಿಯಿಂದ ನೋಡಬೇಕೆಂದು ನಡುರಾತ್ರಿ ಹತ್ತುತ್ತಾರೆ; ಮೇಲೆ ಅಡುಗೆ ಮಾಡುವುದನ್ನೇ ಸಂಭ್ರಮವೆಂದು ತಿಳಿಯುತ್ತಾರೆ; ಮಳೆಗಾಲವನ್ನೇ ಆರಿಸಿಕೊಳ್ಳುತ್ತಾರೆ. ಸಮ್ಮೇದ ಶಿಖರದಲ್ಲಿಯೂ ಬೆಳಗಿನ ಜಾವದ ಕತ್ತಲಲ್ಲಿ ಹೊರಡುವ ಯಾತ್ರಿಕರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ದೀರ್ಘವಾದ ದಾರಿಯನ್ನು ಮುಗಿಸಿ ಹಗಲಿರುವಾಗಲೇ ಇಳಿಯಬೇಕೆಂಬ ಅನಿವಾರ್ಯ ಅವರದು. ಆದರೂ ಹಗಲ ಬೆಳಕಿನಲ್ಲಿ ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡಬೇಕೆನ್ನುವ ಈರ್ಯಾಸಮಿತಿಯ ದೃಷ್ಟಿಯಿಂದ ಅಲ್ಲಿಯೂ ಎಷ್ಟು ತಡವಾಗಿ ಹೊರಟರೆ ಅಷ್ಟು ಲೇಸು.

ಇನ್ನೊಂದು ಮಾತನ್ನೂ ಸಮಾಜವು ಎದುರಿಸಬೇಕು. ಸಮ್ಮೇದ ಶಿಖರವನ್ನು ಪ್ರವಾಸಿತಾಣವಾಗಿಸುವುದರ ವಿರುದ್ಧ ದೇಶದಾದ್ಯಂತ ಜೈನರು ದನಿಯೆತ್ತಿದ ಮೇಲೆ, 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಅನ್ಯರ ವಿನೋದಕ್ಕೆ ಪವಿತ್ರವಾದ ಬೆಟ್ಟ ಬಲಿಯಾಗಬಾರದೆಂಬುದು ಆ ಕೋರಿಕೆಯ ಸಾರ. ಕುಮಾರಪರ್ವತ, ಶಿವಗಂಗೆಗಳು ಬೇರೆ ಭಕ್ತರಿಗೆ ಪವಿತ್ರವಾದುವು. ಜೀವಿಗಳಿಗೆ ಎಲ್ಲ ಬೆಟ್ಟಗಳೂ ವಾಸಸ್ಥಾನಗಳು. ಶಿಖರ್ಜಿಯಲ್ಲಿ ಬೇಡಿದ ಮರ್ಯಾದೆಯನ್ನು ಉಳಿದೆಡೆ ತಾನೂ ಸಲ್ಲಿಸಿದಾಗಲೇ ಆ ಬೇಡಿಕೆಗೆ ಬೆಲೆ.

ಈಗ ಯೋಜನೆಯ ಲೆಕ್ಕಕ್ಕೆ ಬರಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ಸ್ಥೂಲವಾಗಿ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಏರಬೇಕಾದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೋಗಿ ಬರುವ ದಾರಿ 12 ಕಿಲೋಮೀಟರು, ಏರು 600 ಮೀಟರು ಎಂದಿಟ್ಟುಕೊಂಡರೆ 3 ಗಂಟೆ 24 ನಿಮಿಷಗಳಾಗುತ್ತವೆ. ಇದು ಗಟ್ಟಿಮುಟ್ಟಾದವನು ಎಲ್ಲೂ ಕೂರದೆ ನಡೆಯುವ ಲೆಕ್ಕ. ತಂಡದಲ್ಲಿ ಮಕ್ಕಳೂ ಐವತ್ತು ದಾಟಿದವರೂ ಇದ್ದರೆ ಇದನ್ನು ಇಮ್ಮಡಿಯಾಗಿ, ಸುಮಾರು 7 ಗಂಟೆಯೆಂದು ಹಿಡಿಯುವುದು ವಿವೇಕ. ಬೆಳಿಗ್ಗೆ 7ಕ್ಕೆ ಹೊರಟರೆ 11ರ ಹೊತ್ತಿಗೆ ತುದಿ ಸಿಗಬೇಕು. ಸಿಗಲಿ ಸಿಗದಿರಲಿ, 12 ಹೊಡೆದಾಗ ಎಲ್ಲಿರುವರೋ ಅಲ್ಲಿಂದಲೇ ಹಿಂದಿರುಗಬೇಕು. ಹೀಗೆ ಮಾಡಿದರೆ ಹಗಲಿನಲ್ಲೇ ಇಳಿದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಲು ಸಾಧ್ಯ. ಇಲ್ಲಿ ಅತಿ ನಿಧಾನವಾಗಿ ನಡೆಯುವವನ ಹೆಜ್ಜೆಯನ್ನು ಎಲ್ಲರ ಅಳತೆಗೋಲಾಗಿ ಇಟ್ಟುಕೊಂಡಿರುವುದನ್ನು ಗಮನಿಸಬೇಕು. ಬಲಿಷ್ಠನ ಹೆಜ್ಜೆಯಿಂದ ಅಳೆದ ಯೋಜನೆ ದುರ್ಬಲನ ಮೇಲೆ ಹೊರೆಯಾಗುತ್ತದೆ.

ಶಾಸ್ತ್ರಪರಿಭಾಷೆಯಲ್ಲಿ ಇದೇ ದೇಶವ್ರತ. ಜೀವಮಾನಕ್ಕೆ ಹಾಕಿಕೊಂಡ ದಿಕ್ಕುಗಳ ಮೇರೆಯೊಳಗೆ ಇಂಥ ಕಾಲದವರೆಗೆ ಇಷ್ಟೇ ಕ್ಷೇತ್ರವೆಂದು ಮತ್ತೆ ಸಂಕೋಚ ಮಾಡಿಕೊಳ್ಳುವುದು ಅದರ ಲಕ್ಷಣ. ನದಿ, ಕಾಡು, ಬೆಟ್ಟಗಳನ್ನೇ ಮೇರೆಯ ಗುರುತುಗಳಾಗಿ ಇಟ್ಟುಕೊಳ್ಳಬಹುದೆಂದು ಶ್ರಾವಕಾಚಾರವು ತಿಳಿಸುತ್ತದೆ. ಬೆಟ್ಟವನ್ನು ಕಂಡೊಡನೆ ದಾಟಬೇಕೆನಿಸುವುದು ಒಂದು ದೃಷ್ಟಿ. ಇಲ್ಲಿಗೆ ಸಾಕು ಎಂದು ನೆನಪಿಸುವ ಕಲ್ಲಾಗಿ ಅದನ್ನು ನೋಡುವುದು ಇನ್ನೊಂದು.

ಕಷ್ಟ ಬರುವುದು 12 ಹೊಡೆದ ಮೇಲೆ. ಸರೋವರ ಇನ್ನು ಅರ್ಧ ಗಂಟೆಯ ದಾರಿಯೆಂದು ಮಾರ್ಗದರ್ಶಕ ಹೇಳುತ್ತಾನೆ. ಆಕಾಶ ನಿರ್ಮಲವಾಗಿದೆ. ಹಿಂದಿರುಗೋಣವೆನ್ನುವವನ ವಿರುದ್ಧ ನಾಲ್ಕು ವಾದಗಳು ಏಳುತ್ತವೆ. ಇಷ್ಟು ದೂರ ಬಂದು ಹಣವನ್ನೂ ರಜೆಯನ್ನೂ ವ್ಯರ್ಥ ಮಾಡುವುದೇ? ಮೇರೆಯನ್ನು ಹಾಕಿಕೊಂಡವರು ನಾವೇ ಅಲ್ಲವೇ, ಸಡಿಲಿಸಲು ಯಾರ ಅಪ್ಪಣೆ ಬೇಕು? ಆ 12 ಗಂಟೆಯೆಂಬುದು ಅಂದಾಜಿನ ಮಾತಲ್ಲವೇ? ಎಲ್ಲರೂ ಚೆನ್ನಾಗಿಯೇ ನಡೆಯುತ್ತಿದ್ದಾರಲ್ಲ? ಇವು ಮೂರ್ಖರ ವಾದಗಳಲ್ಲ, ಒಂದೊಂದರಲ್ಲೂ ಸತ್ಯಾಂಶವಿದೆ. ಕೆಲವು ಸಲ ಆ ಅರ್ಧ ಗಂಟೆಯಿಂದ ಯಾವ ಕೇಡೂ ಆಗುವುದಿಲ್ಲ.

ಇದಕ್ಕೆ ಉತ್ತರವನ್ನು ಅಂಗಡಿಯ ಅನುಭವದಿಂದ ಹೇಳಬಹುದು. ಹರಾಜಿಗೆ ಹೋಗುವ ಜಾಣ ವ್ಯಾಪಾರಿ ಇಷ್ಟಕ್ಕಿಂತ ಹೆಚ್ಚು ಕೂಗುವುದಿಲ್ಲವೆಂದು ಮನೆಯಲ್ಲೇ ನಿಶ್ಚಯಿಸಿ ಹೋಗುತ್ತಾನೆ. ಹರಾಜಿನ ಕಟ್ಟೆಯಲ್ಲಿ ಇನ್ನೊಂದು ನೂರು ರೂಪಾಯಿ ಏನು ಮಹಾ ಎನ್ನಿಸುವುದೆಂದು ಅವನಿಗೆ ಮೊದಲೇ ಗೊತ್ತು. ಅಲ್ಲಿ ಕೂಗುವ ಬುದ್ಧಿ ಮನೆಯಲ್ಲಿ ಲೆಕ್ಕ ಹಾಕಿದ ಬುದ್ಧಿಯಲ್ಲ. ಆಸೆ ಅದರ ಕೈ ಹಿಡಿದಿರುತ್ತದೆ. ಬೆಟ್ಟದ ಬುಡದಲ್ಲಿ ಶಾಂತಚಿತ್ತದಿಂದ ಹಾಕಿದ ಮೇರೆಯನ್ನು ತುದಿಯ ಹತ್ತಿರದ ಉತ್ಸಾಹ ತಿದ್ದುವುದೂ ಇದೇ ಬಗೆಯದು. ಕಾಲು ಸೋತಿದ್ದರೂ ತೋರದು. ಎತ್ತರದ ಗಾಳಿಯಲ್ಲಿ ವಿವೇಚನೆಯೂ ಮಂದವಾಗಿರುತ್ತದೆ. ಆಚಾರ್ಯರು ಕ್ಷೇತ್ರವೃದ್ಧಿಗೆ ಲೋಭವನ್ನೇ ಕಾರಣವಾಗಿ ಹೇಳಿರುವುದರ ಸೂಕ್ಷ್ಮ ಇಲ್ಲಿದೆ. ಮೇರೆಯನ್ನು ಕಡಿಮೆ ಮಾಡಿಕೊಳ್ಳಲು ಯಾವಾಗಲೂ ಅಡ್ಡಿಯಿಲ್ಲ. ಮೋಡ ಕವಿದರೆ, ಯಾರಿಗಾದರೂ ತಲೆನೋವು ಬಂದರೆ 10 ಗಂಟೆಗೇ ಹಿಂದಿರುಗಬಹುದು. ಹೆಚ್ಚಿಸಿಕೊಳ್ಳುವುದಷ್ಟೇ ಅತಿಚಾರ.

ಹೆಚ್ಚಿಸಿಕೊಂಡ ಅರ್ಧ ಗಂಟೆಯ ಖರ್ಚು ಯಾರ ಖಾತೆಗೆ ಬೀಳುತ್ತದೆಂಬುದನ್ನೂ ನೋಡಬೇಕು. ಮೊದಲು ಅದು ಬೀಳುವುದು ಹಿಂದುಳಿದು ನಡೆಯುವವನ ಮೇಲೆ. ತನ್ನಿಂದ ಎಲ್ಲರ ಆಸೆ ಕೆಡುವುದೆಂದು ನಾಚಿ ಅವನು ನೋವನ್ನು ಬಚ್ಚಿಟ್ಟುಕೊಳ್ಳುತ್ತಾನೆ. ಅನಂತರ ಅದು ಬೀಳುವುದು ಕೆಳಗೆ ವಾಹನದಲ್ಲಿ ಕಾದಿರುವ ಚಾಲಕನ ಮೇಲೆ. ಹಿಂದಿನ ರಾತ್ರಿ ನಿದ್ದೆಗೆಟ್ಟ ಅವನು ಸೋಮವಾರದ ಕಚೇರಿಗೆ ಇವರನ್ನು ಮುಟ್ಟಿಸಲು ಮತ್ತೊಂದು ರಾತ್ರಿ ಎಚ್ಚರವಿರಬೇಕು. ಕೊನೆಗೆ ಅಪರಿಚಿತರ ಮೇಲೆಯೂ ಬೀಳಬಹುದು. 2022ರ ಫೆಬ್ರುವರಿ 20ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯ ಬಂಡೆಗಳಿಂದ ಜಾರಿ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರು ಬಂದು ಎತ್ತಬೇಕಾಯಿತು. ಆ ತರುಣನ ತಪ್ಪನ್ನು ಎಣಿಸುವುದಕ್ಕಾಗಿ ಇದನ್ನು ಹೇಳಿದ್ದಲ್ಲ. ಬೆಟ್ಟದಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಎಷ್ಟು ಜನ ತಮ್ಮ ಪ್ರಾಣವನ್ನು ಪಣಕ್ಕಿಡಬೇಕಾಗುತ್ತದೆಂಬುದಕ್ಕೆ ಅದೊಂದು ಸಾಕ್ಷಿ.

ಮೇರೆಯನ್ನು ಪಾಲಿಸಿದರೆ ಅಪಾಯವಿಲ್ಲವೆಂದು ಇಷ್ಟರಿಂದ ತೀರ್ಮಾನಿಸುವುದು ಮಾತ್ರ ದೊಡ್ಡ ತಪ್ಪಾಗುತ್ತದೆ. 2024ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕದ ಚಾರಣಿಗರೂ ಸ್ಥಳೀಯ ಮಾರ್ಗದರ್ಶಕರೂ ಸೇರಿದ 22 ಜನರ ತಂಡವೊಂದು ಉತ್ತರಾಖಂಡದ ಸಹಸ್ತ್ರತಾಲ್ ಎಂಬ ಪರ್ವತಸರೋವರಕ್ಕೆ ಹೊರಟಿತ್ತು. ನಾಲ್ಕು ಸಾವಿರ ಮೀಟರಿಗಿಂತ ಎತ್ತರದ ತಾಣವದು. ಜೂನ್ ಮೊದಲ ವಾರದಲ್ಲಿ, ಸರೋವರದಿಂದ ಶಿಬಿರಕ್ಕೆ ಮರಳುವಾಗ, ಹಿಮಗಾಳಿ ಅವರನ್ನು ಮುತ್ತಿತು. ಒಂಬತ್ತು ಮಂದಿ ತೀರಿಕೊಂಡರು. ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ಅವರು ಹುಡುಗಾಟಕ್ಕೆ ಹೋದವರಲ್ಲ. ಪೂರ್ವಸಿದ್ಧತೆ, ಮಾರ್ಗದರ್ಶಕರು, ಒಡನಾಡಿಗಳು ಎಲ್ಲವೂ ಇದ್ದವು. ದೂರದಲ್ಲಿ ಸುರಕ್ಷಿತವಾಗಿ ಕುಳಿತು ಅಂಥವರ ಮೇಲೆ ತೀರ್ಪು ಕೊಡುವುದು ದಯಾಧರ್ಮಕ್ಕೆ ಒಪ್ಪುವುದಿಲ್ಲ.

ಹಾಗಾದರೆ ವ್ರತದಿಂದ ಏನು ಪ್ರಯೋಜನವಾಯಿತು? ವ್ರತವೆಂಬುದು ಪ್ರಕೃತಿಯೊಡನೆ ಮಾಡಿಕೊಂಡ ಕರಾರಲ್ಲ. ಇಷ್ಟು ನಿಯಮ ಪಾಲಿಸುತ್ತೇನೆ, ಇಷ್ಟು ಕ್ಷೇಮ ಕೊಡು ಎಂದು ಮೋಡದೊಡನೆ ಚೌಕಾಸಿ ಮಾಡಲು ಬರುವುದಿಲ್ಲ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹಾನಿ ಮಾಡುವುದನ್ನೇ ತತ್ತ್ವಾರ್ಥಸೂತ್ರವು ಹಿಂಸೆಯೆಂದಿದೆ. ಎಚ್ಚರದಿಂದ ನಡೆದವನಿಗೂ ವಿಪತ್ತು ಬರಬಹುದು, ಎಚ್ಚರಗೇಡಿಯೂ ಹತ್ತು ಸಲ ಕ್ಷೇಮವಾಗಿ ಹಿಂದಿರುಗಬಹುದು. ಫಲವು ಇಬ್ಬರ ಕೈಯಲ್ಲೂ ಇಲ್ಲ. ಕೈಯಲ್ಲಿರುವುದು ಪ್ರಮಾದವನ್ನು ಬಿಡುವುದೊಂದೇ. ವಿಪತ್ತು ಬಂದ ದಿನ, ತನ್ನ ಆಸೆಗಾಗಿ ಮತ್ತೊಬ್ಬರನ್ನು ಮುಂದಕ್ಕೆಳೆಯಲಿಲ್ಲ ಎಂಬ ಒಂದು ಮಾತನ್ನು ಮನಸ್ಸು ಸತ್ಯವಾಗಿ ಹೇಳಿಕೊಳ್ಳುವಂತಿರಬೇಕು. ವ್ರತದಿಂದ ದೊರೆಯುವುದು ಇಷ್ಟೇ, ಆದರೆ ಇದು ಅಲ್ಪವಲ್ಲ.

ಹೊರಗಿನ ಮೇರೆಗಳೂ ಈಗ ಬಂದಿವೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಕಿಕ್ಕಿರಿದಾಗ ಅರಣ್ಯ ಇಲಾಖೆಯು ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ನಿಲ್ಲಿಸಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣವನ್ನು ಆರಂಭಿಸಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿಯನ್ನು ಗೊತ್ತುಮಾಡಿತು. ಸರ್ಕಾರದ ಮಿತಿಯನ್ನು ಪಾಲಿಸುವುದು ನಾಗರಿಕನ ಕರ್ತವ್ಯ. ಆದರೆ 300ರಲ್ಲಿ ಒಬ್ಬನಾಗಿ ಚೀಟಿ ಪಡೆದವನು ದಾರಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಅವನ ಒಳಗಿನ ಮೇರೆಗೆ ಸೇರಿದ್ದು.

ತುದಿಯನ್ನು ಮುಟ್ಟಲೇಬೇಕೆಂಬ ಹಟದ ಬೇರಿನಲ್ಲಿ ಮಾನಕಷಾಯವೂ ಇದೆ. ಆದಿಪುರಾಣವನ್ನು ಬಲ್ಲವರಿಗೆ ಭರತ ಚಕ್ರವರ್ತಿಯ ಪ್ರಸಂಗ ನೆನಪಿಗೆ ಬರುತ್ತದೆ. ಷಟ್ಖಂಡವನ್ನು ಗೆದ್ದು, ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದ ಅವನು, ಹಿಂದಿನ ಅಸಂಖ್ಯ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ತುಂಬಿರುವುದನ್ನು ಕಂಡ. ತನ್ನ ಹೆಸರಿಗೆ ಎಡೆ ಬೇಕಾದರೆ ಇನ್ನೊಬ್ಬನ ಹೆಸರನ್ನು ಅಳಿಸಬೇಕಾಗಿತ್ತು. ಅಲ್ಲಿ ಅವನ ಗರ್ವ ಕರಗಿತು. ಬಂಡೆಗಳ ಮೇಲೆ ಬಣ್ಣದಿಂದ ಹೆಸರು ಬರೆಯುವವರೂ, ತುದಿಯಲ್ಲಿ ನಿಂತ ತಮ್ಮ ಚಿತ್ರವನ್ನು ಊರಿಗೆಲ್ಲ ತೋರಿಸಲು ಪ್ರಾಣದ ಹಂಗು ತೊರೆಯುವವರೂ ಈ ಪ್ರಸಂಗವನ್ನು ಒಮ್ಮೆ ಕೇಳಬೇಕು.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದ ಕಾರ್ಯವಿದೆ. ವರ್ಷಕ್ಕೊಮ್ಮೆ ಯಾತ್ರೆಯ ಬಸ್ಸು ಹೊರಡಿಸುವಾಗ ಹೋಗುವ ಸ್ಥಳಗಳ ಪಟ್ಟಿಯ ಜೊತೆಗೆ ಹಿಂದಿರುಗುವ ಹೊತ್ತನ್ನೂ ಮುದ್ರಿಸಬೇಕು. ಚಾಲಕನಿಗೆ ಎಷ್ಟು ಗಂಟೆ ನಿದ್ದೆ ದೊರೆಯುವುದೆಂದು ಮೊದಲೇ ಲೆಕ್ಕ ಹಾಕಬೇಕು. ಹೊರಡುವ ಬೆಳಿಗ್ಗೆ ತರುಣರೆಲ್ಲರೂ ಸೇರಿ ಆ ದಿನದ ದೇಶವ್ರತವನ್ನು ಬಾಯಿಬಿಟ್ಟು ಹೇಳಬೇಕು: ಇಂಥ ದಾರಿ, ಇಂಥ ಹೊತ್ತಿನವರೆಗೆ, ಸೋಸಿದ ನೀರು, ಸೋಸಿದ ಬಟ್ಟೆಯಲ್ಲುಳಿದ ಜೀವಾಣಿಯನ್ನು ಅದೇ ನೀರಿಗೆ ಮರಳಿಸುವುದು, ಒಯ್ದದ್ದೆಲ್ಲ ಹಿಂದಕ್ಕೆ. ಬಾಯಿಬಿಟ್ಟು ಹೇಳಿದ ಮೇರೆ ಮರೆತುಹೋಗುವುದಿಲ್ಲ. ಸ್ಮೃತ್ಯಂತರಾಧಾನಕ್ಕೆ ಅದೇ ಮದ್ದು. ಮನೆಗೆ ಬಂದ ಮಕ್ಕಳನ್ನು ತುದಿ ಮುಟ್ಟಿದಿರಾ ಎಂದು ಕೇಳುವ ಹಿರಿಯರು ಅದರ ಬದಲು ಎಷ್ಟು ಹೊತ್ತಿಗೆ ತಿರುಗಿದಿರಿ ಎಂದು ಕೇಳಲಿ. ಮೊದಲ ಪ್ರಶ್ನೆ ಲೋಭವನ್ನು ಬೆಳೆಸುತ್ತದೆ, ಎರಡನೆಯದು ವ್ರತವನ್ನು.

ತುದಿ ಕಾಣದೆ ಹಿಂದಿರುಗಿದವನಿಗೆ ಸಮಂತಭದ್ರಾಚಾರ್ಯರ ಒಂದು ಅಭಿಪ್ರಾಯ ಸಮಾಧಾನ ನೀಡುತ್ತದೆ. ದಿಗ್ವ್ರತವನ್ನು ಹಿಡಿದ ಗೃಹಸ್ಥನು ತನ್ನ ಮೇರೆಯ ಹೊರಗೆ ಸೂಕ್ಷ್ಮ ಪಾಪದಿಂದಲೂ ದೂರನಾಗುವುದರಿಂದ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಪದವಿಯನ್ನು ಪಡೆಯುತ್ತವೆಂದು ಅವರು ಹೇಳಿದ್ದಾರೆ. ತಾನು ನಡೆದ ಹನ್ನೆರಡು ಕಿಲೋಮೀಟರಿನಲ್ಲಿ ಶ್ರಾವಕನು ಎಷ್ಟೇ ಎಚ್ಚರವಹಿಸಿದರೂ ಅಣುವ್ರತಿಯೇ. ಮೇರೆಗೆ ಮಣಿದು ನಡೆಯದೆ ಬಿಟ್ಟ ಆ ಅರ್ಧ ಗಂಟೆಯ ದಾರಿಯಲ್ಲಿ, ಕಾಣದೆ ಬಿಟ್ಟ ಆ ಸರೋವರದ ದಡದಲ್ಲಿ ಒಂದು ಹುಲ್ಲೂ ಅವನಿಂದ ಬಾಗಲಿಲ್ಲ, ಒಂದು ಹನಿ ನೀರೂ ಕಲಕಲಿಲ್ಲ. ಅಷ್ಟು ನೆಲದ ಮಟ್ಟಿಗೆ ಅವನು ಮುನಿಗೆ ಸಮಾನನು.